ಜಾತ್ರೆಯ ಬಿಡಾರ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯವು ನಾಗಾರಾಧನೆಯಂತೆಯೇ ದನಗಳ ಜಾತ್ರೆಗೂ ಹೆಸರಾದ ಕ್ಷೇತ್ರ. ಪುಷ್ಯಮಾಸದ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ, ರಾಗಿಯ ಕೊಯ್ಲು ಮುಗಿದ ಚಳಿಯ ದಿನಗಳಲ್ಲಿ, ಅಲ್ಲಿನ ಬಯಲು ಕೆಲವು ದಿನಗಳ ಮಟ್ಟಿಗೆ ಊರಾಗುತ್ತದೆ.

ಹಿಂದೆ ರೈತರು ಕಮಾನುಗಾಡಿಗಳಲ್ಲಿ ಬರುತ್ತಿದ್ದರು. ಗಾಡಿಯೇ ಅವರಿಗೆ ಮನೆ. ಅದರೊಳಗೆ ಹರಡಿದ ಹುಲ್ಲೇ ಹಾಸಿಗೆ. ಇಂದು ಲಾರಿ, ಟೆಂಪೋಗಳು ಬಂದಿದ್ದರೂ ಬಿಡಾರ ಹೂಡುವ ಕ್ರಮ ಹಳೆಯದೇ. ಮೊದಲು ಗೂಟ ಹೊಡೆದು ರಾಸುಗಳನ್ನು ಕಟ್ಟಬೇಕು. ಅವುಗಳಿಗೆ ನೀರು, ಹುಲ್ಲು, ಬೇಯಿಸಿದ ಹುರುಳಿ ಒದಗಿಸಬೇಕು. ಬೆನ್ನಿಗೆ ಗೋಣಿ ಹೊದಿಸಬೇಕು. ಆಮೇಲೆಯೇ ಮೂರು ಕಲ್ಲಿನ ಒಲೆ ಹೊತ್ತುತ್ತದೆ, ಮುದ್ದೆ ಬೇಯುತ್ತದೆ. ಒಬ್ಬನು ನೀರು ತರಲು ಹೋದರೆ ಪಕ್ಕದ ಬಿಡಾರದವನು ಅವನ ರಾಸುಗಳನ್ನು ಕಾಯುತ್ತಾನೆ. ನಿನ್ನೆಯವರೆಗೆ ಅಪರಿಚಿತರಾಗಿದ್ದವರು ರಾತ್ರಿ ಒಂದೇ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾರೆ.

ಇಲ್ಲಿ ಹಳ್ಳಿಕಾರ್ ತಳಿಗೆ ವಿಶೇಷ ಮನ್ನಣೆ. 2000ದಲ್ಲಿ ಭಾರತದ ಅಂಚೆಚೀಟಿಯ ಮೇಲೂ ಮೂಡಿದ ತಳಿಯಿದು. ಕೊಳ್ಳುವವರು ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ವ್ಯಾಪಾರ ಮುಗಿದರೂ ಸಾಕಿದವನ ಕೈ ಹಗ್ಗವನ್ನು ಬೇಗ ಬಿಡದು. "ಎಡಗಡೆಯದು ಚಳಿ ತಡೆಯೋದಿಲ್ಲಪ್ಪ, ರಾತ್ರಿ ಗೋಣಿ ಹೊದಿಸು" ಎಂದು ಹೇಳಿ, ಹಣವನ್ನು ಎಣಿಸದೆಯೇ ಸೊಂಟಕ್ಕೆ ಸಿಕ್ಕಿಸುತ್ತಾನೆ.

ಜಾತ್ರೆ ಮುಗಿದಾಗ ಬಯಲಿನಲ್ಲಿ ಒಲೆಗಲ್ಲುಗಳಷ್ಟೇ ಉಳಿಯುತ್ತವೆ. ಆದರೆ ಬೆಂಕಿಯ ಸುತ್ತ ಬೆಳೆದ ನಂಟು ಬಿಡಾರದೊಡನೆ ಕೀಳುವಂಥದಲ್ಲ.