ತಪ್ಪಿಹೋದ ರೈಲು

ಕಾಶಿಯ ಗಂಗಾತೀರದಲ್ಲಿ ಪುರಾಣ ಹೇಳಿ ಜೀವನ ಸಾಗಿಸುವ ಬಡ ಬ್ರಾಹ್ಮಣ ಹರಿಹರ. ಅವನ ಹೆಂಡತಿ ಸರ್ವಜಯಾ. ಇನ್ನೂ ಚಿಕ್ಕವನಾದ ಮಗ ಅಪು. ಬಂಗಾಳದ ಹಳ್ಳಿಯೊಂದರಲ್ಲಿ ಮಗಳು ದುರ್ಗೆಯನ್ನು ಮಳೆಗಾಲದ ಜ್ವರದಲ್ಲಿ ಕಳೆದುಕೊಂಡು, ಪಾಳುಬಿದ್ದ ಮನೆಯನ್ನು ತೊರೆದು, ಈ ಕುಟುಂಬ ಕಾಶಿಗೆ ಬಂದು ಸೇರಿದೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಎಂಬ ಬಂಗಾಳಿ ಚಲನಚಿತ್ರ ಆರಂಭವಾಗುವುದು 1920ರ ಕಾಶಿಯ ಈ ನೋಟದಿಂದ.

ಬಿಭೂತಿಭೂಷಣ ಬಂದೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಮತ್ತು ‘ಅಪರಾಜಿತೋ’ ಕಾದಂಬರಿಗಳನ್ನು ಆಧರಿಸಿ ರಾಯ್ ಅವರು ಮೂರು ಚಿತ್ರಗಳನ್ನು ನಿರ್ಮಿಸಿದರು. 1955ರ ‘ಪಥೇರ್ ಪಾಂಚಾಲಿ’ ಅಪುವಿನ ಬಾಲ್ಯದ ಕಥೆ. 1959ರ ‘ಅಪುರ್ ಸಂಸಾರ್’ ಅವನ ಯೌವನದ ಕಥೆ. ಇವೆರಡರ ನಡುವೆ, 1956ರಲ್ಲಿ ಬಂದ ‘ಅಪರಾಜಿತೋ’ ಅವನ ಹದಿಹರೆಯದ ಕಥೆ. ಮೂರರಲ್ಲಿ ಮನಸ್ಸನ್ನು ಹೆಚ್ಚು ಕಲಕುವ ಚಿತ್ರ ಇದೇ ಎಂದರೆ ತಪ್ಪಾಗಲಾರದು. ಉಳಿದೆರಡರಲ್ಲಿ ದುಃಖ ಹೊರಗಿನಿಂದ ಬರುತ್ತದೆ. ಇಲ್ಲಿ ಅದು ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರ ನಡುವೆಯೇ ಹುಟ್ಟುತ್ತದೆ.

ಹರಿಹರ ಕಾಶಿಯಲ್ಲಿಯೇ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾನೆ. ಮುಂಜಾನೆ ಅಪು ತಂದ ಗಂಗೋದಕವನ್ನು ಅವನ ಬಾಯಿಗೆ ಬಿಡುತ್ತಾರೆ. ಅವನ ತಲೆ ಹಿಂದಕ್ಕೆ ಒರಗುತ್ತದೆ. ಮರುಕ್ಷಣವೇ ಪಾರಿವಾಳಗಳ ದೊಡ್ಡ ಹಿಂಡೊಂದು ಆಕಾಶಕ್ಕೆ ಹಾರುತ್ತದೆ. ನಿರ್ದೇಶಕರು ಇಷ್ಟನ್ನೇ ತೋರಿಸಿ ಮುಂದೆ ಸಾಗುತ್ತಾರೆ.

ವಿಧವೆಯಾದ ಸರ್ವಜಯಾ ಶ್ರೀಮಂತರೊಬ್ಬರ ಮನೆಯಲ್ಲಿ ಅಡಿಗೆಯ ಕೆಲಸಕ್ಕೆ ಸೇರುತ್ತಾಳೆ. ಅನ್ನಕ್ಕೆ ಅಲ್ಲಿ ಕೊರತೆಯಿಲ್ಲ. ಆ ಮನೆಯವರೇನೂ ಕೆಟ್ಟವರಲ್ಲ. ಆದರೆ ಒಂದು ದಿನ ತನ್ನ ಮಗ ಯಜಮಾನರ ಹುಕ್ಕಾ ಸಿದ್ಧಪಡಿಸುತ್ತಿರುವುದನ್ನು ಅವಳು ಮೆಟ್ಟಿಲ ಮೇಲಿನಿಂದ ಕಾಣುತ್ತಾಳೆ. ಅವಳು ಒಂದು ಮಾತನ್ನೂ ಆಡುವುದಿಲ್ಲ. ಮುಂದಿನ ದೃಶ್ಯದಲ್ಲಿ ತಾಯಿಮಕ್ಕಳು ರೈಲಿನಲ್ಲಿ ಬಂಗಾಳದ ಕಡೆಗೆ ಪಯಣಿಸುತ್ತಿರುತ್ತಾರೆ. ವೃದ್ಧ ಬಂಧುವೊಬ್ಬರ ಆಶ್ರಯದಲ್ಲಿ ಮನಸಾಪೋತ ಎಂಬ ಹಳ್ಳಿಯಲ್ಲಿ ನೆಲೆಸಲು ಅವಳು ತೀರ್ಮಾನಿಸಿದ್ದಾಳೆ.

ಈ ಸಣ್ಣ ಘಟನೆಯನ್ನು ಮರೆಯದೆ ನೆನಪಿಟ್ಟುಕೊಳ್ಳಬೇಕು. ಮುಂದೆ ಅಪು ತಾಯಿಯನ್ನು ಬಿಟ್ಟುಹೋದನೆಂದು ಅವನನ್ನು ದೂರುವವರು ಇದನ್ನು ಗಮನಿಸಿರುವುದಿಲ್ಲ. ಮಗ ಊಳಿಗದವನಾಗಬಾರದೆಂದು ಮೊದಲು ಗಟ್ಟಿಮನಸ್ಸು ಮಾಡಿದವಳು ಸರ್ವಜಯಾ. ಅವನು ನಡೆದುಹೋದ ದಾರಿಯ ಬಾಗಿಲನ್ನು ತೆರೆದವಳೂ ಅವಳೇ.

ಹಳ್ಳಿಯಲ್ಲಿ ಅಪು ಕುಲವೃತ್ತಿಯಾದ ಪೌರೋಹಿತ್ಯವನ್ನು ಕಲಿಯುತ್ತಾನೆ. ಪೂಜೆ ಮುಗಿಸಿ ಬರುವಾಗ ಇತರ ಹುಡುಗರು ಶಾಲೆಗೆ ಹೋಗುವುದು ಅವನ ಕಣ್ಣಿಗೆ ಬೀಳುತ್ತದೆ. ತಾನೂ ಓದಬೇಕೆಂದು ತಾಯಿಯನ್ನು ಬೇಡುತ್ತಾನೆ. ಹಣವಿಲ್ಲದಿದ್ದರೂ ತಾಯಿ ಒಪ್ಪುತ್ತಾಳೆ. ಬೆಳಗ್ಗೆ ಪೂಜೆ, ಬಳಿಕ ಪಾಠ. ಹುಡುಗನ ಚುರುಕುತನವನ್ನು ಮೆಚ್ಚಿದ ಮುಖ್ಯೋಪಾಧ್ಯಾಯರು ಅವನಿಗೆ ಪುಸ್ತಕಗಳನ್ನು ಕೊಡುತ್ತಾರೆ. ಆಫ್ರಿಕದ ಕಾಡುಗಳನ್ನು ಹೊಕ್ಕ ಲಿವಿಂಗ್‌ಸ್ಟನ್ನನ ವೃತ್ತಾಂತ, ವಿಜ್ಞಾನದ ಸಂಗತಿಗಳು, ಇವೆಲ್ಲ ಆ ಪುಟ್ಟ ಗುಡಿಸಲಿನೊಳಗೆ ಬಂದು ಸೇರುತ್ತವೆ. ಗ್ರಹಣ ಹೇಗೆ ಆಗುತ್ತದೆಂಬುದನ್ನು ಅಪು ತಾಯಿಗೆ ದೀಪ ಹಿಡಿದು ವಿವರಿಸುತ್ತಾನೆ. ಅವಳಿಗೆ ಅದೆಷ್ಟು ಅರ್ಥವಾಯಿತೋ! ಅವಳ ದೃಷ್ಟಿಯೆಲ್ಲ ಬೆಳಗುತ್ತಿರುವ ಮಗನ ಮುಖದ ಮೇಲೆ.

ಶಾಲೆಯ ಪರೀಕ್ಷೆಯಲ್ಲಿ ಅಪು ಉತ್ತಮವಾಗಿ ತೇರ್ಗಡೆಯಾಗಿ ವಿದ್ಯಾರ್ಥಿವೇತನ ಪಡೆಯುತ್ತಾನೆ. ಕಲ್ಕತ್ತದ ಕಾಲೇಜಿಗೆ ಹೋಗುವುದಾಗಿ ಮನೆಗೆ ಬಂದು ಹೇಳಿದಾಗ ಸರ್ವಜಯಾಳಿಗೆ ಸಿಡಿಲು ಬಡಿದಂತಾಗುತ್ತದೆ. ಪೂಜೆಯ ಕೆಲಸ ನೋಡುವವರು ಯಾರು? ತನ್ನನ್ನು ನೋಡಿಕೊಳ್ಳುವವರು ಯಾರು? ಮಾತಿಗೆ ಮಾತು ಬೆಳೆಯುತ್ತದೆ. ತಾಯಿ ಮಗನ ಕೆನ್ನೆಗೆ ಹೊಡೆಯುತ್ತಾಳೆ. ಮಗ ಮನೆಯಿಂದ ಹೊರಗೆ ಓಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅವನನ್ನು ಹುಡುಕಿಕೊಂಡು ಹೋಗಿ, ಸಮಾಧಾನಪಡಿಸಿ ಕರೆತಂದು, ತಾನು ಕೂಡಿಟ್ಟಿದ್ದ ಹಣವನ್ನು ಹೊರತೆಗೆಯುತ್ತಾಳೆ. ಅಡಿಗೆ ಮಾಡಿ ಗಳಿಸಿದ ಕಾಸು ಅದು. ಮುಖ್ಯೋಪಾಧ್ಯಾಯರು ಕೊಟ್ಟ ಚಿಕ್ಕ ಭೂಗೋಲವೊಂದನ್ನು ಹಿಡಿದು ಅಪು ಕಲ್ಕತ್ತೆಗೆ ಹೊರಡುತ್ತಾನೆ.

ನಗರದಲ್ಲಿ ಅವನು ಒಂದು ಮುದ್ರಣಾಲಯದಲ್ಲಿ ವಾಸವಾಗಿದ್ದು, ರಾತ್ರಿ ಅಲ್ಲಿಯೇ ದುಡಿದು, ಹಗಲು ಕಾಲೇಜಿಗೆ ಹೋಗುತ್ತಾನೆ. ತರಗತಿಯಲ್ಲಿ ತೂಕಡಿಸಿ ಅಧ್ಯಾಪಕರಿಂದ ಹೊರಗೆ ಹಾಕಿಸಿಕೊಳ್ಳುತ್ತಾನೆ. ಕಾದಂಬರಿಯಲ್ಲಿ ಅಪುವಿಗೆ ಲೀಲಾ ಎಂಬ ಗೆಳತಿಯಿದ್ದಾಳೆ. ಚಿತ್ರದಲ್ಲಿ ಆ ಪಾತ್ರವಿಲ್ಲ. ಇದರಿಂದ ನಗರದ ಸೆಳೆತ ದುರ್ಬಲವಾಯಿತೆಂಬ ಆಕ್ಷೇಪಣೆಯುಂಟು. ಆದರೆ ಇದರಿಂದ ಒಂದು ಲಾಭವೂ ಆಗಿದೆ. ಅಪುವನ್ನು ತಾಯಿಯಿಂದ ದೂರ ಸೆಳೆದದ್ದು ಪ್ರೇಮವೂ ಅಲ್ಲ, ಹಣವೂ ಅಲ್ಲ. ಜ್ಞಾನದ ಹಸಿವೊಂದೇ ಎಂಬುದು ಸ್ಪಷ್ಟವಾಗುತ್ತದೆ. ಕೆಟ್ಟದ್ದೊಂದು ಸೆಳೆದಿದ್ದರೆ ತೀರ್ಪು ಹೇಳುವುದು ಸುಲಭವಾಗುತ್ತಿತ್ತು.

ರಜೆಯಲ್ಲಿ ಮನೆಗೆ ಬಂದ ಮಗನೊಡನೆ ಸರ್ವಜಯಾ ರಾತ್ರಿ ಮಾತನಾಡುತ್ತಾ ಕುಳಿತಿರುತ್ತಾಳೆ. ಮುಂದೆ ಅವನು ಸಂಪಾದಿಸತೊಡಗಿದಾಗ ತನ್ನನ್ನು ಜೊತೆಯಲ್ಲಿ ಇರಿಸಿಕೊಳ್ಳುವನೇ? ತಾನು ಕಾಯಿಲೆ ಬಿದ್ದರೆ ಬಂದು ಔಷಧ ಕೊಡಿಸುವನೇ? ಮನಸ್ಸಿನಲ್ಲಿ ಬಹುದಿನ ಅಡಗಿಸಿಟ್ಟ ಭಯವನ್ನು ಅವಳು ಹಾಸ್ಯದ ಧಾಟಿಯಲ್ಲಿ ಹೊರಗಿಡುತ್ತಾಳೆ. ಉತ್ತರ ಬರುವುದಿಲ್ಲ. ತಿರುಗಿ ನೋಡಿದರೆ ಅಪು ನಿದ್ದೆಹೋಗಿದ್ದಾನೆ. ಅವನಲ್ಲಿ ಕ್ರೌರ್ಯವಿಲ್ಲ, ದಣಿದ ಹುಡುಗನಿಗೆ ನಿದ್ದೆ ಬಂದಿದೆ, ಅಷ್ಟೆ. ಆದರೂ ನೋಡುವವರ ಕರುಳು ಕಿವುಚಿದಂತಾಗುತ್ತದೆ.

ಇನ್ನೊಂದು ದೃಶ್ಯವಂತೂ ಚಿತ್ರದ ಜೀವಾಳವೇ ಸರಿ. ಮರಳಿ ಹೊರಡುವ ದಿನ ತನ್ನನ್ನು ಬೇಗನೆ ಎಬ್ಬಿಸಬೇಕೆಂದು ಅಪು ತಾಯಿಗೆ ಹೇಳಿರುತ್ತಾನೆ. ಅವಳಿಗೆ ಎಬ್ಬಿಸಲು ಮನಸ್ಸು ಬರುವುದಿಲ್ಲ. ತಡವಾಗಿ ಎದ್ದ ಅಪು ಅವಳ ಮೇಲೆ ರೇಗಿಕೊಂಡು ನಿಲ್ದಾಣಕ್ಕೆ ಧಾವಿಸುತ್ತಾನೆ. ಅಲ್ಲಿ ರೈಲು ಬರುತ್ತದೆ. ಅಪು ಅದನ್ನು ಏರುವುದಿಲ್ಲ. ಮನೆಗೆ ಹಿಂದಿರುಗಿ, ರೈಲು ತಪ್ಪಿಹೋಯಿತೆಂದು ತಾಯಿಗೆ ಹೇಳುತ್ತಾನೆ. ಎಬ್ಬಿಸದೆ ಇದ್ದುದು ತಾಯಿಯ ಸಣ್ಣ ಕಪಟ. ಇದು ಮಗನ ಸಣ್ಣ ಸುಳ್ಳು. ನೇರವಾಗಿ ಆಡಲಾಗದ ಮಾತನ್ನು ಇಬ್ಬರೂ ಹೀಗೆ ಆಡಿಕೊಂಡರು. ಸರ್ವಜಯಾಳಿಗೆ ದೊರೆತದ್ದು ಒಂದು ದಿನ ಮಾತ್ರ.

ಆಮೇಲೆ ಅವಳು ನಿಜವಾಗಿಯೂ ಕಾಯಿಲೆ ಬೀಳುತ್ತಾಳೆ. ಪರೀಕ್ಷೆ ಹತ್ತಿರವಿದೆ, ಮಗನಿಗೆ ತಿಳಿಸಬೇಡಿರೆಂದು ನೆರೆಯವರನ್ನು ತಡೆಯುತ್ತಾಳೆ. ಹೊಲದಾಚೆ ಹಾದುಹೋಗುವ ರೈಲಿನ ಸದ್ದಿಗೆ ಕಿವಿಗೊಟ್ಟು ಮರದಡಿ ಕುಳಿತಿರುತ್ತಾಳೆ. ಒಂದು ರಾತ್ರಿ ಮಗ ಕರೆದಂತೆ ಭಾಸವಾಗಿ ಬಾಗಿಲಿಗೆ ಬರುತ್ತಾಳೆ. ಹೊರಗೆ ಕತ್ತಲು, ಕೊಳದ ಬಳಿ ಮಿಣುಕುಹುಳುಗಳ ಮಿನುಗು. ಕರುಣಾ ಬಂದೋಪಾಧ್ಯಾಯರ ಅಭಿನಯ ಇಲ್ಲಿ ಅಭಿನಯವೆಂದೇ ತೋರುವುದಿಲ್ಲ.

ಚಿತ್ರ ಬಿಡುಗಡೆಯಾದಾಗ ಕಲ್ಕತ್ತದ ಪ್ರೇಕ್ಷಕರು ಇದನ್ನು ಹೆಚ್ಚಾಗಿ ಆದರಿಸಲಿಲ್ಲ. ತಾಯಿಯ ವಾತ್ಸಲ್ಯಕ್ಕೆ ಮಗ ಇಷ್ಟು ಅಲಕ್ಷ್ಯ ತೋರುವುದು ಅನೇಕರಿಗೆ ಸಹಿಸಲಾಗಲಿಲ್ಲ. ಮಾತೃಭಕ್ತಿಯ ಕಥೆಗಳನ್ನು ಕೇಳಿ ಬೆಳೆದವರಿಗೆ ಅದು ಸಹಜವೇ. ಆದರೆ ಮೂಲ ಕಾದಂಬರಿಕಾರರು ಇನ್ನೂ ಮುಂದೆ ಹೋಗಿದ್ದರು. ತಾಯಿಯ ಮರಣವಾರ್ತೆ ಕೇಳಿದ ಕ್ಷಣದಲ್ಲಿ ಅಪುವಿಗೆ ಕಟ್ಟು ಬಿಚ್ಚಿದಂತಹ ವಿಚಿತ್ರವಾದ ಹಗುರಭಾವವೊಂದು ಮೂಡಿ, ಆ ಭಾವಕ್ಕೆ ತಾನೇ ಬೆಚ್ಚಿದನೆಂದು ಅವರು ಬರೆದಿದ್ದಾರೆ. ರಾಯ್ ಅವರನ್ನು ಈ ಕಥೆಗೆ ಸೆಳೆದದ್ದು ಆ ನಿಷ್ಠುರ ಸತ್ಯವೇ. ಅವರಿಗೂ ಈ ವಿಷಯ ದೂರದ್ದಾಗಿರಲಿಲ್ಲ. 1921ರಲ್ಲಿ ಜನಿಸಿದ ಅವರು 1923ರಲ್ಲಿಯೇ ತಂದೆ ಸುಕುಮಾರ ರಾಯ್ ಅವರನ್ನು ಕಳೆದುಕೊಂಡು, ತಾಯಿಯ ಒಬ್ಬನೇ ಮಗನಾಗಿ ಬೆಳೆದರು. ಮನೆಯವರು ಒಪ್ಪದ ಚಿತ್ರಕ್ಕೆ 1957ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುಚ್ಚ ಪ್ರಶಸ್ತಿಯಾದ ಸುವರ್ಣ ಸಿಂಹ ದೊರೆಯಿತು.

ನೆರೆಯವರ ಪತ್ರ ಕಂಡು ಅಪು ಓಡಿ ಬರುವ ಹೊತ್ತಿಗೆ ಎಲ್ಲವೂ ಮುಗಿದುಹೋಗಿರುತ್ತದೆ. ತಾಯಿ ಕಾಯುತ್ತಿದ್ದ ಮರದ ಬುಡದಲ್ಲಿ ಕುಸಿದು ಕುಳಿತು ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ. ವೃದ್ಧ ಬಂಧು ಸಂತೈಸಿ, ಇಲ್ಲಿಯೇ ಉಳಿದು ಪೌರೋಹಿತ್ಯ ನಡೆಸಿಕೊಂಡು ಹೋಗೆಂದು ಹೇಳುತ್ತಾನೆ. ಮನೆ ಇದೆ, ವೃತ್ತಿ ಇದೆ. ಕೇಳುವವಳು ಮಾತ್ರ ಇಲ್ಲ. ಅಪು ತನ್ನ ಗಂಟು ಕಟ್ಟಿಕೊಳ್ಳುತ್ತಾನೆ. ತಾಯಿಯ ಶ್ರಾದ್ಧವನ್ನು ಎಲ್ಲಿ ಮಾಡುವೆ ಎಂಬ ಪ್ರಶ್ನೆಗೆ, ಕಲ್ಕತ್ತದ ಕಾಳೀಘಾಟಿನಲ್ಲಿ ಎಂದು ಉತ್ತರಿಸುತ್ತಾನೆ, ಪರೀಕ್ಷೆಯಿದೆ ಎನ್ನುತ್ತಾನೆ. ಆಕಾಶದಲ್ಲಿ ಮೋಡ ಕವಿದು ಗುಡುಗುತ್ತದೆ. ಬರಿಗಾಲಿನ ಹುಡುಗ ಗಂಟನ್ನು ಹಿಡಿದು, ಹೊಲಗಳ ನಡುವಣ ಮಣ್ಣಿನ ಹಾದಿಯಲ್ಲಿ ನಿಲ್ದಾಣದ ಕಡೆಗೆ ನಡೆಯುತ್ತಾ ಚಿಕ್ಕವನಾಗುತ್ತಾ ಹೋಗುತ್ತಾನೆ.