ತೋಟದ ದಾರಿಯಲ್ಲಿ ನಿಧಾನ ಚಾಲನೆ: ಕ್ಲಚ್ಚಿನ ಮಿತ ಬಳಕೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅನೇಕ ಅಡಿಕೆ, ಕಾಫಿ ಬೆಳೆಗಾರರ ಮನೆಗಳಲ್ಲಿ ಇಂದು ಜೀಪು, ಪಿಕಪ್ ಅಥವಾ ಕಾರು ಇದೆ. ಗೊಬ್ಬರ, ಬೋರ್ಡೋ ದ್ರಾವಣದ ಪೀಪಾಯಿ, ಹಸಿ ಅಡಿಕೆ ಗೊನೆ, ಕಾಫಿ ಹಣ್ಣಿನ ಚೀಲ ಎಲ್ಲವೂ ಇದರಲ್ಲೇ ಸಾಗುತ್ತವೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಆದರೆ ಮನೆಯಿಂದ ತೋಟಕ್ಕೆ ಇಳಿಯುವ ಕಡಿದಾದ ಮಣ್ಣುದಾರಿಯಲ್ಲಿ 5 ಕಿ.ಮೀ. ವೇಗದಲ್ಲಿ, ಜಗ್ಗಾಟವಿಲ್ಲದೆ, ಜಾರದೆ ಓಡಿಸುವುದಕ್ಕೆ ಹೆಚ್ಚಿನ ತಿಳಿವಳಿಕೆ ಬೇಕು.

ಇದು ಬರಿಯ ವಾಹನದ ವಿಷಯವಲ್ಲ, ಮಣ್ಣಿನ ವಿಷಯವೂ ಹೌದು. ಗಾಲಿ ನಿಂತಲ್ಲೇ ಸುತ್ತಿದಾಗ ದಾರಿಯಲ್ಲಿ ಜಾಡು ಆಳವಾಗುತ್ತದೆ. ಮಳೆನೀರು ಆ ಜಾಡನ್ನೇ ಹಿಡಿದು ಹರಿದು ಕೊರಕಲು ಮಾಡುತ್ತದೆ. ಕೊಚ್ಚಿ ಬಂದ ಮಣ್ಣು ಅಡಿಕೆ ತೋಟದ ಬಸಿಗಾಲುವೆಯನ್ನು ಮುಚ್ಚುತ್ತದೆ. ನೀರು ಬಸಿಯದ ತೋಟದಲ್ಲಿ ಬೇರು ಕೊಳೆಯುವುದು ಬೆಳೆಗಾರರಿಗೆ ತಿಳಿದ ಸಂಗತಿಯೇ. ಆದ್ದರಿಂದ ನಿಧಾನ ಚಾಲನೆಯ ಕ್ರಮವನ್ನು ತಿಳಿಯುವುದು ಅಗತ್ಯ.

ಕ್ಲಚ್ಚಿನ ಕೆಲಸವೇನು?

ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಒತ್ತಿಕೊಂಡಿರುತ್ತದೆ. ಪೆಡಲ್ ತುಳಿದಾಗ ಹಿಡಿತ ಬಿಡುತ್ತದೆ, ಕಾಲು ತೆಗೆದಾಗ ಹಿಡಿಯುತ್ತದೆ. ಇವೆರಡರ ನಡುವಿನ ಸ್ಥಿತಿಯಲ್ಲಿ ಪ್ಲೇಟು ಉಜ್ಜುತ್ತಾ ತಿರುಗುತ್ತದೆ. ವಾಹನ ಮೆಲ್ಲನೆ ಹೊರಡಲು ಈ ಉಜ್ಜಾಟ ಬೇಕು. ಆದರೆ ಉಜ್ಜಾಟದಿಂದ ಶಾಖ ಹುಟ್ಟುತ್ತದೆ. ಕೆಲವು ಕ್ಷಣಗಳಿಗಾದರೆ ತೊಂದರೆಯಿಲ್ಲ. ಏರಿನುದ್ದಕ್ಕೂ ಅರ್ಧ ಕ್ಲಚ್ಚಿನಲ್ಲಿ ಓಡಿಸಿದರೆ ಪ್ಲೇಟಿನ ಪದರ ಸುಟ್ಟು ಕಮಟು ವಾಸನೆ ಬರುತ್ತದೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ತತ್ವ ಒಂದೇ. ನಿಧಾನವನ್ನು ಗೇರಿನಿಂದ ಪಡೆಯಬೇಕೇ ಹೊರತು ಕ್ಲಚ್ಚಿನಿಂದ ಅಲ್ಲ.

ಗೇರಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಆಕ್ಸಿಲರೇಟರ್ ತುಳಿಯದಿದ್ದಾಗ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎನ್ನೋಣ. ಒಂದನೇ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದರೆ ಗಾಲಿ 1 ಸುತ್ತು ತಿರುಗುತ್ತದೆ ಎಂದೂ, ಗಾಲಿಯ ಸುತ್ತಳತೆ 1.9 ಮೀಟರ್ ಎಂದೂ ಇಟ್ಟುಕೊಳ್ಳೋಣ. ಆಗ ಗಾಲಿ ನಿಮಿಷಕ್ಕೆ ಸುಮಾರು 57 ಸುತ್ತು ತಿರುಗಿ, ವಾಹನ ಗಂಟೆಗೆ ಸುಮಾರು 6.5 ಕಿ.ಮೀ. ಚಲಿಸುತ್ತದೆ. ಎರಡನೇ ಗೇರಿನಲ್ಲಿ ಈ ಪ್ರಮಾಣ 8ಕ್ಕೆ 1 ಆದರೆ ವೇಗ 11.4 ಕಿ.ಮೀ. ನಾಲ್ಕು ಗಾಲಿಗೂ ಚಾಲನೆಯಿರುವ ಜೀಪಿನಲ್ಲಿ ಲೋ ಗೇರು ಹಾಕಿದಾಗ ವೇಗ ಇನ್ನೂ ಎರಡೂವರೆ ಪಟ್ಟು ಇಳಿದರೆ, ಒಂದನೇ ಗೇರಿನಲ್ಲಿ 2.6 ಕಿ.ಮೀ. ಆಗುತ್ತದೆ.

ಇದರಿಂದ ಎರಡು ಮಾತು ತಿಳಿಯುತ್ತವೆ. ಮನುಷ್ಯ ಬೇಗ ನಡೆಯುವಷ್ಟು ವೇಗಕ್ಕೆ ಒಂದನೇ ಗೇರೇ ಸಾಕು; ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದಿರಬೇಕು. ಅದಕ್ಕಿಂತ ನಿಧಾನ ಬೇಕಾದಲ್ಲಿ ಲೋ ಗೇರಿದ್ದರೆ ಅದನ್ನು ಬಳಸಬೇಕು. ಅದಿಲ್ಲದ ಕಾರಿನಲ್ಲಿ ಕ್ಲಚ್ಚನ್ನು ಸ್ವಲ್ಪ ಹಿಡಿದು, ಸ್ವಲ್ಪ ಬಿಟ್ಟು ಸಾಗಬಹುದು. ಆದರೆ ಅದು ಸಮತಟ್ಟಿನಲ್ಲಿ, ಹತ್ತಿಪ್ಪತ್ತು ಅಡಿಗಳಿಗೆ ಮಾತ್ರ.

ಸಮತಟ್ಟಿನಲ್ಲಿ ಹೊರಡುವಾಗ

ಕ್ಲಚ್ಚನ್ನು ಮೊದಲು ಬೇಗ ಬಿಡುತ್ತಾ ಬಂದು, ವಾಹನ ಅಲುಗುವ ಹಂತದಲ್ಲಿ ಒಂದೆರಡು ಕ್ಷಣ ಕಾಲನ್ನು ಅಲ್ಲೇ ನಿಲ್ಲಿಸಬೇಕು. ವಾಹನ ಉರುಳತೊಡಗಿದ ಮೇಲೆ ಉಳಿದದ್ದನ್ನು ಮೆಲ್ಲನೆ ಬಿಡಬೇಕು. ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡರೆ ಕಾಲು ನಡುಗುವುದಿಲ್ಲ. ವಾಹನ ಕುಪ್ಪಳಿಸತೊಡಗಿದರೆ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಕೂಡದು. ಕ್ಲಚ್ಚನ್ನು ಒಮ್ಮೆ ತುಳಿದು ಮತ್ತೆ ಹಿಡಿಸಬೇಕು.

ಅಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ವಿಶೇಷ ಎಚ್ಚರ ಬೇಕು. ಅಡಿಕೆ ಹರವಿದ ಅಂಗಳದಲ್ಲಿ ಮಕ್ಕಳು, ವೃದ್ಧರು ಓಡಾಡುತ್ತಿರುತ್ತಾರೆ. ಕುಳಿತಿರುವ ಮಗು ಹಿಂಬದಿಯ ಕನ್ನಡಿಗಳಲ್ಲಿ ಕಾಣುವುದಿಲ್ಲ. ವಾಹನ ಹತ್ತುವ ಮೊದಲು ಹಿಂದೆ ಹೋಗಿ ನೋಡಿ ಬರುವುದು, ಒಬ್ಬರನ್ನು ಕಣ್ಣಿಗೆ ಕಾಣುವಂತೆ ಬದಿಯಲ್ಲಿ ನಿಲ್ಲಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಏರಿನಲ್ಲಿ

1. ಏರು ಶುರುವಾಗುವ ಮೊದಲೇ ತಕ್ಕ ಗೇರು ಹಾಕಬೇಕು. ನಡು ಏರಿನಲ್ಲಿ ಗೇರು ಬದಲಿಸಿದರೆ ವೇಗ ಮುರಿದು ವಾಹನ ನಿಲ್ಲುತ್ತದೆ.

2. ನಿಂತು ಹೊರಡಬೇಕಾದರೆ ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುವವರೆಗೆ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ವಾಹನದ ಮುಂಭಾಗ ತುಸು ಎದ್ದಂತೆ ತೋರಿದಾಗ ಹ್ಯಾಂಡ್ ಬ್ರೇಕ್ ಇಳಿಸಬೇಕು. ಕ್ಲಚ್ಚಿನಿಂದಲೇ ವಾಹನವನ್ನು ಏರಿನಲ್ಲಿ ತಡೆದು ನಿಲ್ಲಿಸುವ ಅಭ್ಯಾಸ ಕೂಡದು.

3. ಏರು ಹತ್ತಲಾರದೆ ಎಂಜಿನ್ ನಿಂತುಹೋದರೆ ಗಾಬರಿಯಾಗಬಾರದು. ಕಾಲಿನ ಬ್ರೇಕ್ ಬಿಗಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆಯಬೇಕು. ಎಂಜಿನ್ ಚಾಲು ಮಾಡಿ, ರಿವರ್ಸ್ ಗೇರು ಹಾಕಿ, ಕ್ಲಚ್ಚನ್ನು ಪೂರ್ತಿ ಹಿಡಿಸಿ, ಬ್ರೇಕನ್ನು ಮೆಲ್ಲನೆ ಸಡಿಲಿಸುತ್ತಾ ನೇರವಾಗಿ ಹಿಂದಕ್ಕೆ ಇಳಿಯಬೇಕು. ಏರಿಗೆ ಅಡ್ಡಲಾಗಿ ತಿರುಗಿಸಲು ಹೋದರೆ ವಾಹನ ಮಗುಚುವ ಅಪಾಯವಿದೆ.

4. ಗಾಲಿ ಸುತ್ತತೊಡಗಿದರೆ ಆಕ್ಸಿಲರೇಟರ್ ಇಳಿಸಬೇಕು. ಹೆಚ್ಚು ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ.

ಇಳುಕಲಿನಲ್ಲಿ

ಅಪಾಯ ಹೆಚ್ಚಿರುವುದು ಇಲ್ಲೇ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ನಿಯಮ ತೋಟದ ದಾರಿಗೂ ಸರಿ, ಆಗುಂಬೆ ಘಾಟಿಗೂ ಸರಿ. ಗೇರಿನಲ್ಲಿದ್ದಾಗ ಎಂಜಿನ್ ತಾನೇ ಗಾಲಿಗಳನ್ನು ತಡೆಯುತ್ತದೆ. ಕ್ಲಚ್ ತುಳಿದ ಕೂಡಲೇ ಆ ತಡೆ ತಪ್ಪಿ ಹೊರೆಯ ಭಾರಕ್ಕೆ ವಾಹನ ಮುನ್ನುಗ್ಗುತ್ತದೆ. ಹೆದರಿದವರು ಕ್ಲಚ್, ಬ್ರೇಕ್ ಎರಡನ್ನೂ ಒಟ್ಟಿಗೆ ತುಳಿಯುವುದು ಸಾಮಾನ್ಯ. ಪಾಚಿ ಹಿಡಿದ ಇಳುಕಲಿನಲ್ಲಿ ಇದರಿಂದ ಗಾಲಿ ಕಚ್ಚಿಕೊಂಡು ವಾಹನ ಜಾರುತ್ತದೆ. ಇಳುಕಲಿನಲ್ಲಿ ಎಡಗಾಲು ಕ್ಲಚ್ಚಿನ ಮೇಲೆ ಇರಲೇಬಾರದು. ವಾಹನ ನಿಲ್ಲುವ ಕೊನೆಯ ಗಳಿಗೆಯಲ್ಲಿ ಮಾತ್ರ ತುಳಿಯಬೇಕು.

ಇಂಧನ ಉಳಿಯುವುದೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ತಾನಾಗಿಯೇ ಕಡಿತವಾಗುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ತಿರುಗಲು ಇಂಧನ ಬೇಕೇ ಬೇಕು. ಎಂಜಿನ್ ಆರಿಸಿ ಇಳಿಯುವುದಂತೂ ಪ್ರಾಣಾಪಾಯ. ಎಂಜಿನ್ ನಿಂತ ಮೇಲೆ ಬ್ರೇಕಿನ ಸಹಾಯಶಕ್ತಿ ಎರಡು ಮೂರು ಒತ್ತಿಗೆ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ.

ಕಿರಿದಾದ ಏರುದಾರಿಯಲ್ಲಿ ಎರಡು ವಾಹನ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಕೊಡಬೇಕು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ.

ಹೊರೆ ಮತ್ತು ಪವರ್ ಟಿಲ್ಲರ್

200 ಲೀಟರಿನ ತುಂಬಿದ ಪೀಪಾಯಿಯ ಭಾರ 200 ಕಿಲೋಗ್ರಾಂಗಿಂತ ಹೆಚ್ಚು. ಅರ್ಧ ತುಂಬಿದ ಪೀಪಾಯಿಯಲ್ಲಿ ದ್ರಾವಣ ತುಳುಕಿ ತಿರುವಿನಲ್ಲಿ ವಾಹನವನ್ನು ಓಲಾಡಿಸುತ್ತದೆ. ಪೂರ್ತಿ ತುಂಬಿ, ಮುಚ್ಚಿ, ಕದಲದಂತೆ ಕಟ್ಟಬೇಕು. ಹೊರೆಯ ಮೇಲೆ ಕೂಲಿಯಾಳುಗಳನ್ನು ಕೂರಿಸಕೂಡದು. ವಾಹನ ಜಾರಿದರೆ ಮೊದಲು ಬೀಳುವವರು ಅವರೇ.

ಪವರ್ ಟಿಲ್ಲರ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಸಮತಟ್ಟಿನಲ್ಲಿ ಬಲಗಡೆಯ ಸ್ಟಿಯರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಕಡಿದಾದ ಇಳುಕಲಿನಲ್ಲಿ ಹಾಗೆ ಮಾಡಿದರೆ ಬಲಗಾಲಿ ಎಂಜಿನ್ನಿನ ತಡೆಯಿಂದ ಬಿಡುಗಡೆಯಾಗಿ ಮುಂದಕ್ಕೆ ಉರುಳಿ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಆದ್ದರಿಂದ ಇಳುಕಲಿನಲ್ಲಿ ಆ ಕ್ಲಚ್ಚುಗಳನ್ನು ಮುಟ್ಟದೆ, ಕಡಿಮೆ ಗೇರಿನಲ್ಲಿ, ಹಿಡಿಯನ್ನೇ ತಳ್ಳಿ ತಿರುಗಿಸಬೇಕು.

ದಾರಿಯ ಆರೈಕೆ

ಶೃಂಗೇರಿ ಕಡೆ ಮಳೆಯ ಹೊಡೆತ ಹೆಚ್ಚು. ನರಸಿಂಹರಾಜಪುರದ ಪೂರ್ವಕ್ಕೆ ಸಾಗಿದಂತೆ ಕಡಿಮೆ. ಎಲ್ಲಿಯೇ ಆಗಲಿ, ಕೊಳೆರೋಗಕ್ಕೆ ಮೊದಲ ಸಿಂಪರಣೆ ಮಾಡುವ ಮುಂಗಾರಿನ ಮುಂಚಿನ ದಿನಗಳಲ್ಲೇ ದಾರಿಯನ್ನೂ ಸಿದ್ಧಮಾಡಬೇಕು. ಜಾಡುಗಳಿಗೆ ಜಲ್ಲಿ ಅಥವಾ ಜಂಬಿಟ್ಟಿಗೆಯ ಚೂರು ತುಂಬಿ ದಮ್ಮಸು ಮಾಡಬೇಕು. ದಾರಿಗೆ ಓರೆಯಾಗಿ ಅಲ್ಲಲ್ಲಿ ಅಡ್ಡಗಾಲುವೆ ತೆಗೆದು ನೀರನ್ನು ಹುಲ್ಲು ಬೆಳೆದ ಬದಿಗೆ ಹಾಯಿಸಬೇಕು. ಕಾಂಕ್ರೀಟು ಹಾಕಿದ ಭಾಗದ ಪಾಚಿಯನ್ನು ಕೆರೆದು ತೆಗೆಯಬೇಕು.

ಮನೆಯಲ್ಲಿ ಹೊಸದಾಗಿ ಚಾಲನೆ ಕಲಿಯುವವರಿದ್ದರೆ ಬೇಸಿಗೆಯಲ್ಲಿ, ಹೊರೆಯಿಲ್ಲದ ವಾಹನದಲ್ಲಿ, ಸಮತಟ್ಟು ಜಾಗದಲ್ಲಿ ಮೊದಲು ಅಭ್ಯಾಸ ಮಾಡಿಸಿರಿ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚೊಂದರಿಂದಲೇ ಹೊರಡುವುದು ಕೈಗೂಡಿದ ಮೇಲೆ ಸಣ್ಣ ಏರು, ಆಮೇಲೆ ಇಳುಕಲು. ಹೊರೆ ಮತ್ತು ಮಳೆ ಎರಡೂ ಕೊನೆಗೆ ಬರಲಿ.