ಕಾರ್ಖಾನೆಯಲ್ಲಿ ಮನೆ, ಲಾರಿಯಲ್ಲಿ ಕೋಣೆ

ಪ್ರಶ್ನೆ: ತೋಟದಲ್ಲಿ ಸಣ್ಣದೊಂದು ಮನೆ ಕಟ್ಟಬೇಕೆಂದಿದ್ದೇವೆ. ಮೇಸ್ತ್ರಿ, ಆಳು ಸಿಗುವುದು ಕಷ್ಟ. ಕಂಪನಿಯೊಂದು ಕೋಣೆಗಳನ್ನೇ ತಯಾರಿಸಿ ಲಾರಿಯಲ್ಲಿ ತಂದು ಜೋಡಿಸಿಕೊಡುತ್ತೇವೆ ಎನ್ನುತ್ತಿದೆ. ನಮ್ಮ ಮಳೆಗೆ ಇದು ತಡೆದೀತೇ?
– ಓದುಗರು, ಮೂಡಿಗೆರೆ

ಉತ್ತರ: ಮಳೆಯ ಮಾತು ಆಮೇಲೆ, ಮೊದಲು ದಾರಿಯದು. ವಿಶೇಷ ಪರವಾನಗಿ ಇಲ್ಲದೆ ನಮ್ಮ ರಸ್ತೆಗಳಲ್ಲಿ ಓಡುವ ಲಾರಿ 2.6 ಮೀಟರ್ ಅಗಲ, ಹೊರೆ ಸೇರಿ 4 ಮೀಟರ್ ಎತ್ತರ ಮೀರುವಂತಿಲ್ಲ. ಎರಡು ಕಡೆಯ ಗೋಡೆ ಕಳೆದರೆ ಕೋಣೆಯೊಳಗೆ ಉಳಿಯುವುದು ಎಂಟಡಿಗೂ ಕಡಿಮೆ. ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ತೆರೆಯಲು ಜಾಗ ಉಳಿಯುತ್ತದೆಯೇ ಎಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ನೋಡಿ.

ಹೆಚ್ಚು ಅಗಲ ಬೇಕೆಂದರೆ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕ ಕೂರಿಸಿ ನಡುಗೋಡೆ ತೆಗೆಯಬೇಕು. ಆಗ ನಡುವೆ ಒಂದು ಸಂದು ಬರುತ್ತದೆ. ಸೋರುವುದು ಅಲ್ಲೇ. 12 ಮೀಟರ್ ಉದ್ದದ ಉಕ್ಕಿನ ಚೌಕಟ್ಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಹೀಗೆ ದಿನಾ ಹಿಗ್ಗಿ ಕುಗ್ಗುವ ಸಂದಿಗೆ ಬರೀ ಸಿಲಿಕೋನ್ ಬಳಿದು ಹೋದರೆ ಎರಡನೇ ವರ್ಷದ ಪುನರ್ವಸು ಮಳೆಗೆ ಬಕೆಟ್ ಇಡಬೇಕಾದೀತು. ಎರಡೂ ಪೆಟ್ಟಿಗೆಗಳ ಮೇಲೆ ಇಳಿಜಾರಿನ ಒಂದೇ ಮಾಡು ಹೊದಿಸಿ, ಸೂರು ಮೂರಡಿಯಾದರೂ ಹೊರಚಾಚಲಿ. ಕ್ಯಾಟಲಾಗ್‌ನಲ್ಲಿ ಅಂಥ ಚಿತ್ರ ಇರುವುದಿಲ್ಲ, ಆದರೂ ಪಟ್ಟು ಬಿಡಬೇಡಿ. ಚಪ್ಪಟೆ ತಲೆಯ ಪೆಟ್ಟಿಗೆ ಮಲೆನಾಡಿಗಲ್ಲ.

ಕ್ರೇನಿನದೂ ಒಂದು ಲೆಕ್ಕವಿದೆ. 20 ಟನ್ ಕ್ರೇನ್ ಅಷ್ಟು ಭಾರ ಎತ್ತುವುದು ತನ್ನ ಬುಡದ ಹತ್ತಿರ ಮಾತ್ರ. ತೋಳು ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ತೋಟದ ಗೇಟು, ಸಿಲ್ವರ್ ಓಕ್ ಕೊಂಬೆ, ಕರೆಂಟ್ ತಂತಿ, ಕ್ರೇನ್ ನಿಲ್ಲುವ ಗಟ್ಟಿ ನೆಲ ಇವನ್ನೆಲ್ಲ ಮುಂಗಡ ಕೊಡುವ ಮೊದಲೇ ಅವರ ಲಾರಿ ಡ್ರೈವರಿಗೆ ತೋರಿಸಿ. ಮಾರಾಟದವರಿಗಿಂತ ಆತನ ಮಾತನ್ನು ನಂಬಬಹುದು. ಆಗದು ಎಂದರೆ, ಚೌಕಟ್ಟನ್ನು ಬಿಡಿಬಿಡಿಯಾಗಿ ತಂದು ಸ್ಥಳದಲ್ಲೇ ಬೋಲ್ಟ್ ಹಾಕುವ ಬಗೆ ಇದೆ.

ಪಾಯಕ್ಕೆ ಮಾತ್ರ ನಿಮ್ಮೂರಿನ ಮೇಸ್ತ್ರಿಯೇ ಬೇಕು. ಒಂದಿಂಚು ಸೊಟ್ಟಗಿದ್ದರೆ ಇಟ್ಟಿಗೆ ಗೋಡೆಯಲ್ಲಿ ಗಾರೆ ಮೆತ್ತಿ ಸರಿದೂಗಿಸಬಹುದು, ಕಾರ್ಖಾನೆಯ ಚೌಕಟ್ಟು ಅದನ್ನು ಸಹಿಸದು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ಅಳೆಸಿ. ಸಮ ಬರುವ ತನಕ ಲಾರಿ ಹೊರಡುವುದು ಬೇಡ.

ಪ್ರಶ್ನೆ: ಮೊಬೈಲು, ಟೀವಿ ಕಾರ್ಖಾನೆಯಲ್ಲಿ ಆಗಿ ಅಗ್ಗವಾದವು. ಮನೆ ಏಕೆ ಅಗ್ಗವಾಗಲಿಲ್ಲ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಈ ಆಸೆ ಹಳೆಯದು. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಟ್ಟಡಗಳನ್ನು ರೂಪಿಸಿದ ಆಟೊ ಕೋನಿಗ್ಸ್‌ಬರ್ಗರ್ 1948ರಲ್ಲಿ ಕೇಂದ್ರದ ವಸತಿ ನಿರ್ದೇಶಕರಾದರು. ದೇಶವಿಭಜನೆಯ ನಿರಾಶ್ರಿತರಿಗಾಗಿ ದೆಹಲಿಯಲ್ಲಿ ಮನೆ ಕಾರ್ಖಾನೆಯೇ ಶುರುವಾಯಿತು. ಫಲಕಗಳು ಬಿರುಕು ಬಿಟ್ಟವು, ಅಂದುಕೊಂಡ ಬೆಲೆಗೆ ಮನೆ ಬರಲಿಲ್ಲ. ಅವರು 1951ರಲ್ಲಿ ದೇಶ ಬಿಟ್ಟರು. ಕಾರ್ಖಾನೆ ಕೈಬದಲಾಗಿ, ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರು ಪಡೆಯಿತು.

ಎಲ್ಲಿ ಮಾಡಿದರೂ ಉಕ್ಕು, ಸಿಮೆಂಟಿನ ಬೆಲೆ ಅದೇ. ಕಾರ್ಖಾನೆ ಉಳಿಸುವುದು ಸಮಯವನ್ನು, ಪೋಲಾಗುವ ಸಾಮಾನನ್ನು. ಅಚ್ಚಿನ ಖರ್ಚು ಗಿಟ್ಟಬೇಕಾದರೆ ಅದೇ ಕೋಣೆ ಮತ್ತೆ ಮತ್ತೆ ಎರಕವಾಗಬೇಕು. 2021ರಲ್ಲಿ ಶಂಕುಸ್ಥಾಪನೆಯಾದ ರಾಂಚಿಯ ಲೈಟ್ ಹೌಸ್ ಯೋಜನೆಯಲ್ಲಿ ಸುಮಾರು ಸಾವಿರ ಮನೆಗಳಿಗೆ ಕಾಂಕ್ರೀಟಿನ ಇಡೀ ಕೋಣೆಗಳನ್ನೇ ಎರಕ ಹೊಯ್ದರು. ನಮ್ಮ ಖಾಸಗಿ ಗ್ರಾಹಕರೋ, ವಾಸ್ತು ನೋಡಿ ಅಡುಗೆಮನೆಯನ್ನು ಆಗ್ನೇಯಕ್ಕೆ ತಿರುಗಿಸಿ, ಗೋಡೆ ಎದ್ದ ಮೇಲೆ ಕಿಟಕಿ ಸರಿಸುವವರು. ಹಾಗೆ ಸರಿಸಲು ಕಾರ್ಖಾನೆಯಲ್ಲಿ ಅವಕಾಶವಿಲ್ಲ. ಸ್ವಿಚ್‌ಬೋರ್ಡಿನ ಜಾಗ ಕೂಡ ಎರಕಕ್ಕೆ ಮುಂಚೆಯೇ ನಿಶ್ಚಯವಾಗಿರಬೇಕು.

ಪ್ರಶ್ನೆ: ನಮ್ಮದು ಪ್ರೀಕಾಸ್ಟ್ ಅಪಾರ್ಟ್‌ಮೆಂಟ್. ಹಾಲು, ಅಡುಗೆಮನೆ ನಡುವಿನ ಗೋಡೆ ಕೊರೆದು ಕಿಂಡಿ ಮಾಡಿಸಬಹುದೇ?
– ಗೃಹಿಣಿ, ಬೆಂಗಳೂರು

ಉತ್ತರ: ಆ ಗೋಡೆ ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ (ಪ್ರೀಕಾಸ್ಟ್) ಕಾಂಕ್ರೀಟ್ ಫಲಕವಾಗಿದ್ದರೆ ಬೇಡ. ಇಂಥ ಕಟ್ಟಡಗಳಲ್ಲಿ ಹಲವೆಡೆ ಕಂಬ, ತೊಲೆ ಇರುವುದಿಲ್ಲ. ಗೋಡೆಯೇ ಮೇಲಿನ ಮಹಡಿಗಳನ್ನು ಹೊತ್ತಿರುತ್ತದೆ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ 1968ರ ಮೇ 16ರಂದು 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟಿಸಿ ಭಾರ ಹೊತ್ತ ಫಲಕಗಳು ಹಾರಿಹೋದವು. ಆಸರೆ ತಪ್ಪಿದ ಮೇಲಿನ ಮಹಡಿಗಳು ಕುಸಿದು, ಅವುಗಳ ಭಾರಕ್ಕೆ ಆ ಮೂಲೆ ಕೆಳತನಕ ಉದುರಿತು. ನಾಲ್ವರು ಸತ್ತರು. ಆಮೇಲೆ ಫಲಕಗಳನ್ನು ಒಂದಕ್ಕೊಂದು ಕಟ್ಟುವ ನಿಯಮಗಳು ಬಿಗಿಯಾದವು, ಈಗಿನ ಕಟ್ಟಡಗಳು ಅಷ್ಟು ದುರ್ಬಲವಲ್ಲ. ಆದರೂ ಬಡಗಿ ತಟ್ಟಿ ನೋಡಿ ತೀರ್ಮಾನಿಸುವ ಕೆಲಸವಲ್ಲ ಇದು; ಸ್ಟ್ರಕ್ಚರಲ್ ಎಂಜಿನಿಯರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಫೋಟೋ ತೂಗುಹಾಕಲು ಸಣ್ಣ ತೂತಾದರೆ ತೊಂದರೆಯಿಲ್ಲ, ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಮಾತ್ರ ಕೊರೆಸಬೇಡಿ. ತಂತಿಯ ಪೈಪು ಅಲ್ಲೇ ಹೋಗಿರುತ್ತದೆ.